ಸ್ವೀಡನ್ನಿನ ಆಲೂಗಡ್ಡೆ ಮೂಸ್: ನಾನು ಮಾಡುವ ಬಗೆ

ಮೂಸ್ ಅಂದರೆ ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಒತ್ತಿ ಹಾಲು, ಬೆಣ್ಣೆ ಕಲಸಿದ್ದು. ಅದು ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಅಂಗಡಿಯಲ್ಲೇ ತೀರ್ಮಾನವಾಗಿಬಿಡುತ್ತದೆ. ನಾವಿರುವ ಗೊಥೆನ್‌ಬರ್ಗ್‌ನಲ್ಲಿ ಆಲೂಗಡ್ಡೆ ಚೀಲದ ಮೇಲೆಯೇ ಅದು ಯಾವ ಬಗೆಯದು ಅಂತ ಬರೆದಿರುತ್ತಾರೆ. ಒಂದು ಬೆಂದ ಮೇಲೂ ಗಟ್ಟಿಯಾಗಿ ನಿಲ್ಲುವಂಥದ್ದು, ಅದು ಸಲಾಡ್‌ಗೆ ಸರಿ. ಇನ್ನೊಂದು 'ಮ್ಯೋಲಿಗ್', ಬೆಂದರೆ ಹಿಟ್ಟುಹಿಟ್ಟಾಗಿ ಉದುರುವಂಥದ್ದು. ಮೂಸ್‌ಗೆ ಇದೇ ಬೇಕು. ನಾನು ತರುವುದು ಕಿಂಗ್ ಎಡ್ವರ್ಡ್ ತಳಿ. ಸಿಪ್ಪೆಯ ಮೇಲೆ ಅಲ್ಲಲ್ಲಿ ನಸುಗೆಂಪು ಮಚ್ಚೆ ಇರುತ್ತದೆ, ಗುರುತಿಸುವುದು ಸುಲಭ.

ನಮ್ಮ ಕಡೆ ಸಂತೆಯಲ್ಲಿ ರಾಶಿ ಹಾಕಿದ ಗೆಡ್ಡೆಯಲ್ಲಿ ಹೀಗೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೊಂದು ಉಪಾಯವಿದೆ. ಒಂದು ಅಳತೆ ಉಪ್ಪನ್ನು 11 ಅಳತೆ ನೀರಿನಲ್ಲಿ ಕರಗಿಸಿ, ಅದರಲ್ಲಿ ಗೆಡ್ಡೆ ಬಿಡಿ. ಪಿಷ್ಟ ಜಾಸ್ತಿ ಇರುವುದು ಮುಳುಗುತ್ತದೆ, ಅದನ್ನು ಇಟ್ಟುಕೊಳ್ಳಿ. ತೇಲಿದ್ದು ಪಲ್ಯಕ್ಕಾಯಿತು.

ನಾಲ್ಕು ಜನಕ್ಕೆ ನನ್ನ ಲೆಕ್ಕ: 1 ಕೆಜಿ ಆಲೂಗಡ್ಡೆ, 250 ಮಿಲಿ ಹಾಲು, 50 ಗ್ರಾಂ ಬೆಣ್ಣೆ, ಉಪ್ಪು, ಬಿಳಿ ಮೆಣಸು, ಚೂರು ಜಾಯಿಕಾಯಿ. ಸ್ವೀಡನ್ನಿನ ಮನೆಗಳಲ್ಲಿ ಇದು ದಿನನಿತ್ಯದ ಊಟ. ಹಾಗಾಗಿ ಕೆನೆ ಸುರಿಯುವುದಿಲ್ಲ, ಹಾಲೇ ಸಾಕು.

ಸಿಪ್ಪೆ ತೆಗೆದು, ಒಂದೇ ಗಾತ್ರದ ಹೋಳು ಮಾಡಿ, ಉಪ್ಪು ಹಾಕಿದ ತಣ್ಣೀರಿನಲ್ಲಿಟ್ಟು ಬೇಯಲು ಬಿಡುತ್ತೇನೆ. ಬಿಸಿನೀರಿಗೇ ಹಾಕಿದರೆ ಹೊರಗೆಲ್ಲ ಕರಗಿ ಒಳಗೆ ಹಸಿ ಉಳಿಯುತ್ತದೆ. ಕುಕ್ಕರ್ ಬೇಡ. ನಡುವೆ ಚಾಕು ಚುಚ್ಚಿ ನೋಡುವುದಕ್ಕೆ ಆಗುವುದಿಲ್ಲ. ಕುದಿ ಬಂದ ಮೇಲೆ ಹದಿನೈದಿಪ್ಪತ್ತು ನಿಮಿಷಕ್ಕೆ ಚಾಕು ತಡೆಯಿಲ್ಲದೆ ಇಳಿಯುತ್ತದೆ.

ಇಲ್ಲಿಂದ ಮುಂದಿನ ಎರಡು ನಿಮಿಷವೇ ನನ್ನ ಪ್ರಕಾರ ಇಡೀ ಅಡುಗೆಯ ಜೀವ. ನೀರು ಪೂರ್ತಿ ಬಸಿದು, ಹೋಳುಗಳಿರುವ ಪಾತ್ರೆಯನ್ನು ಮತ್ತೆ ಸಣ್ಣ ಉರಿಯ ಮೇಲಿಡಿ. ಮುಚ್ಚಳ ಹಾಕಬೇಡಿ. ಮೊದಲು ಚುಯ್ ಅಂತ ಸದ್ದು ಬಂದು ಆವಿ ದಟ್ಟವಾಗಿ ಏಳುತ್ತದೆ. ಪಾತ್ರೆಯನ್ನು ಮೆಲ್ಲಗೆ ಅಲುಗಿಸುತ್ತಾ ಇರಿ. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ, ಹೋಳುಗಳ ಅಂಚು ಒಣಗಿ ಬೆಳ್ಳಗಾಗುತ್ತದೆ, ತಳದಲ್ಲಿ ತೆಳ್ಳಗೆ ಹಿಟ್ಟು ಅಂಟುತ್ತದೆ. ಆಗ ಇಳಿಸಿ. ಒಳಗಿನ ನೀರು ಹೋದಷ್ಟೂ ಹಾಲಿಗೆ ಜಾಗ ಸಿಗುತ್ತದೆ. ಇದನ್ನು ಬಿಟ್ಟರೆ ಎಷ್ಟು ಬೆಣ್ಣೆ ಹಾಕಿದರೂ ರುಚಿ ಸಪ್ಪೆಯೇ.

ಬಿಸಿ ಇರುವಾಗಲೇ ಒತ್ತಬೇಕು. ನನ್ನ ಹತ್ತಿರ ಆಲೂಗಡ್ಡೆ ಒತ್ತುವ ಪ್ರೆಸ್ ಇದೆ, ನಮ್ಮ ಚಕ್ಕುಲಿ ಒರಳಿನ ಹಾಗೇ ಕೆಲಸ ಮಾಡುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡಿ. ಅದರ ಬ್ಲೇಡು ಜೀವಕೋಶಗಳನ್ನು ಹರಿದುಹಾಕುತ್ತದೆ, ಪಿಷ್ಟವೆಲ್ಲ ಹೊರಗೆ ಬಂದು ಗೋಂದು ಆಗಿಬಿಡುತ್ತದೆ. ಒತ್ತಿದ ತಕ್ಷಣ ಬೆಣ್ಣೆ, ಆಮೇಲೆ ಕಾದ ಹಾಲನ್ನು ಸ್ವಲ್ಪಸ್ವಲ್ಪವಾಗಿ. ತಣ್ಣನೆ ಹಾಲು ಹಾಕಿದರೆ ಮೂಸ್ ಬಡಿಸುವ ಮೊದಲೇ ಆರಿಹೋಗುತ್ತದೆ. ಕೊನೆಗೆ ಕೈಯಲ್ಲಿ ಹಿಡಿಯುವ ಎಲೆಕ್ಟ್ರಿಕ್ ಬೀಟರ್‌ನಿಂದ ಕೆಲವೇ ಸೆಕೆಂಡು ಬೀಸುತ್ತೇನೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಮೂಸ್ ಹಗುರಾಗಿ ಉಬ್ಬುತ್ತದೆ. ಉಬ್ಬಿತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ಬೀಸಿದರೆ ಇದೂ ಅಂಟಾಗುತ್ತದೆ.

ಕರಿಮೆಣಸಿನ ಬದಲು ಬಿಳಿ ಮೆಣಸು ಹಾಕುವುದು ಇಲ್ಲಿನ ರೂಢಿ. ಜಾಯಿಕಾಯಿಯನ್ನು ಹಾಕುವಾಗಲೇ ತುರಿಯಬೇಕು. ನನ್ನದು ಶಿರಸಿ ಕಡೆಯ ಅಡಿಕೆ ತೋಟದ್ದು, ಊರಿಗೆ ಹೋದಾಗ ತರುತ್ತೇನೆ. ಎರಡು ಸಲ ತುರಿಮಣೆಗೆ ಉಜ್ಜಿದರೆ ಮುಗಿಯಿತು.

ಒಗ್ಗರಣೆ ಕೊಡೋಣ, ಹಸಿಮೆಣಸಿನಕಾಯಿ ಹಾಕೋಣ ಅಂತ ನಮ್ಮವರಿಗೆ ಕೈ ತುರಿಸುತ್ತದೆ. ದಯವಿಟ್ಟು ಬೇಡ. ಮೂಸ್ ಮೆತ್ತಗೆ, ಸೌಮ್ಯವಾಗಿಯೇ ಇರಬೇಕು. ಹುಳಿ, ಸಿಹಿ ಪಕ್ಕದಲ್ಲಿ ಬರುತ್ತವೆ. ಮಾಂಸದುಂಡೆ, ಕಂದು ಸಾರಿನ ಜೊತೆ ಲಿಂಗೊನ್ ಎಂಬ ಪುಟ್ಟ ಕೆಂಪು ಹುಳಿ ಹಣ್ಣಿನ ಜ್ಯಾಮ್, ಸೌತೆಕಾಯಿ ಉಪ್ಪಿನಕಾಯಿ ಬಡಿಸುವುದು ಇಲ್ಲಿನ ಕ್ರಮ. ನಮ್ಮ ಮನೆಯಲ್ಲಿ ಮಾಂಸವಿಲ್ಲ. ಶರತ್ಕಾಲದಲ್ಲಿ ಕಾಡಿನ ಹಳದಿ ಅಣಬೆ, ಕಂಟರೆಲ್, ಸಿಕ್ಕಾಗ ಬೆಣ್ಣೆಯಲ್ಲಿ ಹುರಿದು ಜೊತೆಗೆ ಕೊಡುತ್ತೇನೆ. ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಒಂದು ಪಾಲು 12% ವಿನೆಗರ್, ಎರಡು ಪಾಲು ಸಕ್ಕರೆ, ಮೂರು ಪಾಲು ನೀರಿನಲ್ಲಿ ನೆನೆಸುತ್ತೇನೆ. ಈ 1-2-3 ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ.

ಇಷ್ಟು ಮೆಚ್ಚುವ ಈ ಗೆಡ್ಡೆ ಇಲ್ಲಿನದಲ್ಲ. ಗೊಥೆನ್‌ಬರ್ಗ್‌ಗೆ ಹತ್ತಿರದ ಅಲಿಂಗ್ಸೋಸ್‌ನಲ್ಲಿ ಯೋನಾಸ್ ಆಲ್‌ಸ್ಟ್ರೋಮರ್ ಎಂಬ ಉದ್ಯಮಿ 1724ರಲ್ಲಿ ಇದನ್ನು ಬೆಳೆಯಲು ಶುರುಮಾಡಿದ. ಆದರೂ ಜನ ಬೇಗ ಒಪ್ಪಲಿಲ್ಲ. 1746ರಲ್ಲಿ ಎವಾ ಎಕೆಬ್ಲಾದ್ ಎಂಬಾಕೆ ಆಲೂಗಡ್ಡೆಯಿಂದ ಹಿಟ್ಟು, ಮದ್ಯ ತೆಗೆಯುವುದನ್ನು ತೋರಿಸಿದರು. ಎರಡು ವರ್ಷದ ಬಳಿಕ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ.

ಮಿಕ್ಕ ಮೂಸ್ ಎಸೆಯಬೇಡಿ. ಮಾರನೆಯ ದಿನ ಅದಕ್ಕೊಂದು ಮೊಟ್ಟೆ, ಸ್ವಲ್ಪ ಮೈದಾ ಕಲಸಿ, ಚಪ್ಪಟೆ ವಡೆಯಂತೆ ತಟ್ಟಿ ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಬೇಯಿಸಿ. ಇದಕ್ಕೂ ಲಿಂಗೊನ್ ಜ್ಯಾಮೇ ಜೋಡಿ.