ಕೆರೆ ನಕ್ಷೆ ತಿದ್ದಲು ಊರಿನವರನ್ನು ಕರೆದಾಗ

ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದ ಕಡೆ. ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ, 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಗೆ, ಅಲ್ಲಿಂದ 1933ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬಂದು, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ನಕ್ಷೆಯಲ್ಲಿ ಅದೊಂದು ನೀಲಿ ಗೆರೆ. ಆದರೆ ಮೇಲ್ಭಾಗದ ಹಳ್ಳಿಗಳಲ್ಲಿ ನಿಂತು ನೋಡಿದರೆ ವರ್ಷದ ಬಹುಪಾಲು ದಿನ ನದಿ ಅಂತ ತೋರಿಸಲು ಏನೂ ಇರುವುದಿಲ್ಲ. ಕಾಣುವುದು ಕೆರೆಗಳು, ಅವುಗಳ ನಡುವಿನ ಕಾಲುವೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಡುವೆ ಒಂದು ಕಾಲುವೆ ಮುಚ್ಚಿಹೋದರೆ, ಎಷ್ಟು ಚೆನ್ನಾಗಿ ಮಳೆ ಬಂದರೂ ಕೆಳಗಿನ ಊರಿನ ಕೆರೆ ಒಣಗೇ ಇರುತ್ತದೆ.

ಇಂಥ ಒಂದು ಕೆರೆ ಸಾಲಿಗೆ ನಾವು ಕೆಲವರು ಸೇರಿ ವೆಬ್‌ಸೈಟ್ ಮಾಡಿದೆವು. ಫೋನಿನಲ್ಲಿ ತೆರೆದರೆ ಊರಿನ ನಕ್ಷೆ ಬರುತ್ತದೆ. ಕೆರೆ, ಕೋಡಿ, ತೂಬು (ಕೆರೆಯಿಂದ ನೀರು ಬಿಡುವ ಬಾಯಿ), ಕಾಲುವೆ ಯಾವುದನ್ನು ಮುಟ್ಟಿದರೂ ಅದರ ಫೋಟೋ, ಅದರ ಸ್ಥಿತಿ ಕಾಣುತ್ತದೆ. ನಿಮಗೆ ಗೊತ್ತಿರುವುದನ್ನು ನೀವೂ ಸೇರಿಸಬಹುದು. ಬೇರೆ ತಾಲ್ಲೂಕುಗಳಿಂದ ಇದನ್ನು ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಕ್ಷೆಗೆ ಬೇಕಾದದ್ದೆಲ್ಲ ದುಡ್ಡಿಲ್ಲದೆ ಸಿಗುತ್ತದೆ. ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರ್ ಜೊತೆಗೆ ಹಳ್ಳ, ಕೆರೆ, ಬಂಡಿದಾರಿ ಎಲ್ಲ ಇರುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು 2017ರಿಂದ ಆನ್‌ಲೈನ್‌ನಲ್ಲಿ ಉಚಿತ. ನೆಲದ ಎತ್ತರದ ಲೆಕ್ಕಕ್ಕೆ, 2000ರ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಹಾರಿ ಅಳೆದ ದತ್ತಾಂಶ ಇದೆ. ಇವನ್ನು ಕ್ಯೂಜಿಐಎಸ್ ಅನ್ನುವ ಉಚಿತ ನಕ್ಷೆ ತಂತ್ರಾಂಶಕ್ಕೆ ಹಾಕಿದರೆ, ಎಲ್ಲಿ ಬಿದ್ದ ಮಳೆ ಯಾವ ಕೆರೆಗೆ ಬರಬೇಕು ಅನ್ನುವ ಗಡಿ ಬರೆದುಕೊಡುತ್ತದೆ. ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಯಾರು ಬೇಕಾದರೂ ಬಳಸಬಹುದಾದ ನಕ್ಷೆಯ ಮೇಲೆ ಕೂರಿಸಿ ಎಲ್ಲರಿಗೂ ಕಾಣುವಂತೆ ಮಾಡಲು ಯೂಮ್ಯಾಪ್ ಅನ್ನುವ ಆನ್‌ಲೈನ್ ಸೌಲಭ್ಯ ಸಾಕು. ಪ್ರೋಗ್ರಾಮಿಂಗ್ ಗೊತ್ತಿರಬೇಕು ಅಂತೇನೂ ಇಲ್ಲ.

ಆದರೆ ಈ ನಕ್ಷೆಗೆ ದೊಡ್ಡ ಮಿತಿ ಇದೆ. ಎಂಡೆವರ್ ಕೊಟ್ಟ ಎತ್ತರ 30 ಮೀಟರ್ ಚೌಕಕ್ಕೆ ಒಂದು. ನಮ್ಮ ಸಣ್ಣ ಕೆರೆಗಳ ಏರಿ ಅದಕ್ಕಿಂತ ಎಷ್ಟೋ ಕಿರಿದು. ಹಾಗಾಗಿ ಕಂಪ್ಯೂಟರ್, ಏರಿ ಇಲ್ಲವೇ ಇಲ್ಲ ಅನ್ನುವಂತೆ ನೀರನ್ನು ನೇರ ಹರಿಸಿಬಿಡುತ್ತದೆ. ರಸ್ತೆ ಕೆಳಗಿನ ಮೋರಿ ಅದಕ್ಕೆ ಗೊತ್ತಾಗುವುದಿಲ್ಲ. ಯಾರೋ ಹೊಲದ ಬದು ತಿರುಗಿಸಿದ್ದು ಗೊತ್ತಾಗುವುದಿಲ್ಲ. ನಮ್ಮ ಕಡೆಯ ಸಪಾಟು ನೆಲದಲ್ಲಿ ಒಂದು ಅಡಿ ಎತ್ತರದ ಮಣ್ಣು ನೀರಿನ ದಾರಿಯನ್ನೇ ಬದಲಿಸುತ್ತದೆ. ಇದೆಲ್ಲ ಗೊತ್ತಿರುವುದು ಅಲ್ಲಿ ದನ ಮೇಯಿಸಿದವರಿಗೆ, ಹೊಲ ಉತ್ತವರಿಗೆ.

ಅದಕ್ಕೆ, ನಮಗೆ ಅನುಮಾನ ಇದ್ದ ಕಡೆಯೆಲ್ಲ ಗಟ್ಟಿ ಗೆರೆ ಹಾಕದೆ, ಕಿತ್ತಳೆ ಬಣ್ಣದ ಚುಕ್ಕಿ ಗೆರೆ ಹಾಕಿದೆವು. ಮುಟ್ಟಿದರೆ ಒಂದೇ ಪ್ರಶ್ನೆ: ‘ಇಲ್ಲಿ ನೀರು ಎತ್ತ ಹೋಗುತ್ತೆ?’ ಇಡೀ ಕೆಲಸದಲ್ಲಿ ಜನರನ್ನು ಒಳಗೆ ಕರೆತಂದದ್ದು ಇದೇ. ಜಲಾನಯನ ಅಂದರೇನು, ನೀರು ಯಾಕೆ ಉಳಿಸಬೇಕು ಅನ್ನುವ ಪುಟಗಳನ್ನೂ ಬರೆದಿದ್ದೆವು. ಅವನ್ನು ಓದಿದವರು ಕಡಿಮೆ. ತಮ್ಮ ಹೊಲದ ಪಕ್ಕದ ಕಾಲುವೆಗೆ ಚುಕ್ಕಿ ಹಾಕಿರುವುದನ್ನು ಕಂಡವರು ಮಾತ್ರ ಸುಮ್ಮನಿರುವುದಿಲ್ಲ. ‘ಸಾರ್, ನಮ್ ಕುಂಟೇನೇ ಬಿಟ್ಬಿಟ್ಟಿದ್ದೀರಲ್ಲ’ ಅಂತ ಒಬ್ಬರು. ‘ಅದು ಈ ಕೆರೆಗೆ ಬರಲ್ಲ, ರಸ್ತೆ ಮಾಡಿದಾಗಲೇ ಆ ಕಡೆಗೆ ತಿರುಗಿಹೋಯ್ತು’ ಅಂತ ಇನ್ನೊಬ್ಬರು. ಹಿಂದೆ ನೀರಗಂಟಿಯಾಗಿ ಕೆರೆ ನೀರು ಹಂಚುವ ಕೆಲಸ ಮಾಡಿದ್ದ ಅಜ್ಜ ಒಬ್ಬರು ಮೊಮ್ಮಗಳ ಫೋನಿನಲ್ಲಿ ನಕ್ಷೆ ನೋಡಿ, ಮುಚ್ಚಿಹೋದ ಒಂದು ತೂಬಿನ ಜಾಗವನ್ನು ಬೆರಳಿಟ್ಟು ತೋರಿಸಿದರು. ಆ ತೂಬು ಯಾವ ಸರ್ಕಾರಿ ಹಾಳೆಯಲ್ಲೂ ನಮಗೆ ಸಿಕ್ಕಿರಲಿಲ್ಲ.

ಮಾಹಿತಿ ಸೇರಿಸಲು ಕೋಬೋ ಟೂಲ್‌ಬಾಕ್ಸ್ ಅನ್ನುವ, ಫೋನಿನಲ್ಲಿ ಫಾರಂ ತುಂಬುವ ತಂತ್ರಾಂಶ ಬಳಸಿದೆವು. ನೆಟ್‌ವರ್ಕ್ ಇಲ್ಲದ ಕಡೆಯೂ ಅದರಲ್ಲಿ ಫೋಟೋ, ಜಿಪಿಎಸ್ ದಾಖಲಾಗುತ್ತದೆ, ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಪ್ರಶ್ನೆಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಪಾಸ್‌ವರ್ಡ್ ಕೇಳಲೇಬಾರದು. ಟೈಪ್ ಮಾಡಲು ಬೇಜಾರಾದವರು ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸುತ್ತಾರೆ, ನಾವು ಕೇಳಿ ನಕ್ಷೆಗೆ ಹಾಕುತ್ತೇವೆ. ಕೆರೆ, ಕಾಲುವೆಗಳಿಗೆ ಊರಿನವರು ಕರೆಯುವ ಹೆಸರನ್ನೇ ಕನ್ನಡದಲ್ಲಿ ಹಾಕಿದ್ದೇವೆ. ದಾಖಲೆಯ ಹೆಸರು ಬೇರೆ ಇದ್ದರೆ ಅದು ಕೆಳಗೆ ಸಣ್ಣದಾಗಿ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಯಾವ ಕಟ್ಟೆಯಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತೆ, ಯಾವ ನೀರು ದನ ಕುಡಿಯಲ್ಲ ಅನ್ನುವುದೆಲ್ಲ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಗಂಡನ ಕೈಲೋ ಮಗನ ಕೈಲೋ. ಬರೀ ವೆಬ್‌ಸೈಟ್ ನಂಬಿಕೊಂಡಿದ್ದರೆ ಅರ್ಧ ಊರಿನ ತಿಳಿವಳಿಕೆ ನಮಗೆ ಸಿಗುತ್ತಲೇ ಇರಲಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಗಳಿಗೆ ದೊಡ್ಡ ನಕ್ಷೆ ಪ್ರಿಂಟ್ ಹಾಕಿಸಿಕೊಂಡು ಹೋಗಿ ನೆಲದ ಮೇಲೆ ಹಾಸುತ್ತೇವೆ. ಅವರು ಹೇಳಿದ್ದನ್ನು ಅಲ್ಲೇ ಗುರುತು ಹಾಕಿ, ಸಂಜೆ ವೆಬ್‌ಸೈಟಿಗೆ ಏರಿಸುತ್ತೇವೆ.

ಇದೇ ಪ್ರಿಂಟಿನ ಇನ್ನೊಂದು ಪ್ರತಿ ಹಾಲಿನ ಡೇರಿಯ ಗೋಡೆಯಲ್ಲಿದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಊರಿನವರು ಬರುವ ಜಾಗ ಅದು. ಕ್ಯಾನ್ ಹಿಡಿದು ನಿಂತವರು ನೋಡುತ್ತಾರೆ, ವಾದ ಮಾಡುತ್ತಾರೆ, ಕೆಳಗಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಪಂಚಾಯಿತಿ ಕಚೇರಿಯ ಗೋಡೆಗಿಂತ ಡೇರಿ ಗೋಡೆಯಿಂದ ಬಂದ ತಿದ್ದುಪಡಿಗಳೇ ಹೆಚ್ಚು.

ವೆಬ್‌ಸೈಟಿನಲ್ಲಿ ಒಂದು ಮಳೆ ಲೆಕ್ಕವೂ ಇದೆ. ಒಂದು ಎಕರೆಗೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ಅಂದರೆ 25 ಮಿಲಿಮೀಟರ್‌ನ ಒಂದು ಒಳ್ಳೆಯ ಮಳೆಗೆ ಎಕರೆಗೆ ಲಕ್ಷ ಲೀಟರ್. 5,000 ಲೀಟರ್ ಟ್ಯಾಂಕರಿನ ಲೆಕ್ಕದಲ್ಲಿ 20 ಟ್ಯಾಂಕರ್. ನಿಮ್ಮ ಎಕರೆ ಹಾಕಿ, ಇವತ್ತಿನ ಮಳೆ ಹಾಕಿ, ಉತ್ತರ ಟ್ಯಾಂಕರಿನಲ್ಲಿ ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವುದರಿಂದ ಅಂಕಿ ಸಿಗುವುದು ಕಷ್ಟವಲ್ಲ. ಬಿದ್ದದ್ದೆಲ್ಲ ಹರಿದು ಕೆರೆಗೆ ಬರುವುದಿಲ್ಲ ಅನ್ನುವುದನ್ನೂ ಅಲ್ಲೇ ಬರೆದಿದ್ದೇವೆ. ಮಣ್ಣು, ಇಳಿಜಾರು, ಬದು ನೋಡಿಕೊಂಡು ಅದು ಬದಲಾಗುತ್ತದೆ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸಿದವರಿಗೆ ಈ ಲೆಕ್ಕ ತಟ್ಟನೆ ಹಿಡಿಸುತ್ತದೆ. ಬದು ಹಾಕಿಸುವ ಮಾತು ಅಲ್ಲಿಂದ ಶುರುವಾಗುತ್ತದೆ.

ಕೆಲಸಕ್ಕೆ ಬಂದ ಇನ್ನೊಂದು ಉಪಾಯ, ಒಂದೇ ಜಾಗದ ಫೋಟೋ. ಕೆಲವು ಕಡೆ ಕಲ್ಲಿಗೆ ಬಣ್ಣ ಬಳಿದು ‘ಇಲ್ಲಿ ನಿಂತು, ಆ ಕಡೆಗೆ ತೆಗೆಯಿರಿ’ ಅಂತ ಬರೆದಿದ್ದೇವೆ. ಮಳೆ ಆದಾಗಲೆಲ್ಲ ಯಾರಾದರೂ ತೆಗೆದು ಕಳಿಸುತ್ತಾರೆ. ಒಂದು ಮೋರಿಯ ಹತ್ತಿರ ತೆಗೆದ ಫೋಟೋಗಳನ್ನು ಸಾಲಾಗಿ ಇಟ್ಟಾಗ ವಿಷಯ ಸ್ಪಷ್ಟವಾಯಿತು. ಪ್ರತಿ ಸಲವೂ ರಸ್ತೆಯ ಮೇಲಿನ ಮಗ್ಗುಲಲ್ಲಿ ನೀರು ನಿಂತಿದೆ, ಕೆಳ ಮಗ್ಗುಲಲ್ಲಿ ನೆಲ ಒಣಗಿದೆ. ಪೈಪು ಸಣ್ಣದು, ಅದರ ಬಾಯಿಗೆ ಹೂಳು. ಈ ಫೋಟೋಗಳನ್ನು ಗ್ರಾಮಸಭೆಗೆ ಒಯ್ದೆವು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಪಂಚಾಯಿತಿ ಯೋಜನೆ ತಯಾರಾಗಲು ಶುರುವಾಗುತ್ತದಲ್ಲ, ಆ ಹೊತ್ತಿಗೆ ಸರಿಯಾಗಿ ಒಯ್ಯಬೇಕು. ಕಾಲುವೆಯ ಹೂಳು ತೆಗೆಯುವುದು ಉದ್ಯೋಗ ಖಾತರಿ ಕೆಲಸಕ್ಕೆ ಸೇರಿತು. ಮೋರಿಯ ಅಂದಾಜು ಪಟ್ಟಿ ಮಾಡಲು ಇಂಜಿನಿಯರ್ ಬಂದಾಗ ಫೋಟೋಗಳ ಜಾಗ, ತಾರೀಕು ಎಲ್ಲ ಸಿದ್ಧ ಇತ್ತು. ಯಾರೋ ಬಾಯಲ್ಲಿ ಹೇಳಿದ ದೂರಿಗೂ ಇದಕ್ಕೂ ಕಚೇರಿಯಲ್ಲಿ ಸಿಗುವ ಗಮನ ಬೇರೆಯೇ.

ಪ್ರತಿ ಮಾಹಿತಿಯ ಪಕ್ಕ ಅದರ ಸ್ಥಿತಿ ಕಾಣಬೇಕು: ನೋಡಿದ್ದೇವೆ, ಪಂಚಾಯಿತಿಗೆ ಹೇಳಿದ್ದೇವೆ, ಕೆಲಸ ಆಗಿದೆ, ಆಗಿಲ್ಲ. ‘ಆಗಿಲ್ಲ’ ಅಂತಲಾದರೂ ಹಾಕಬೇಕು. ಕಳಿಸಿದ ಫೋಟೋಗೆ ಯಾರೂ ಉತ್ತರ ಕೊಡದಿದ್ದರೆ ಆ ವ್ಯಕ್ತಿ ಮತ್ತೆ ಕಳಿಸುವುದಿಲ್ಲ. ವೆಬ್‌ಸೈಟ್ ಕಟ್ಟುವುದಕ್ಕಿಂತ ಈ ಉತ್ತರ ಕೊಡುವ ಕೆಲಸಕ್ಕೇ ನಮ್ಮ ಹೆಚ್ಚು ಸಮಯ ಹೋಗುತ್ತದೆ, ಮತ್ತು ಹೋಗಲೇಬೇಕು.

ಎಲ್ಲವನ್ನೂ ತೆರೆದಿಡುವುದು ಸರಿಯಲ್ಲ. ಒತ್ತುವರಿ ದೂರುಗಳನ್ನು ನಾವು ನಕ್ಷೆಯ ಮೇಲೆ ಹಾಕುವುದಿಲ್ಲ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಜಾಸ್ತಿ. ಅದನ್ನು ನಂಬಿ ಒಬ್ಬ ರೈತರ ಹೊಲಕ್ಕೆ ಕೆಂಪು ಗುರುತು ಹಾಕಿದರೆ ಊರಲ್ಲಿ ಜಗಳ ಆಗುತ್ತದೆ, ಕೆರೆಗೆ ಏನೂ ಸಿಗುವುದಿಲ್ಲ. ಅಂಥ ದೂರು ಬಂದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಸರ್ವೆಯರ್ ಬಂದು ಅಳೆಯುವಂತೆ ಕೇಳಲು ಸಹಾಯ ಮಾಡುತ್ತೇವೆ. ಕಳಿಸಿದವರ ಹೆಸರೂ ಹೊರಗೆ ಕಾಣುವುದಿಲ್ಲ.

ಮೇಲಿನ ಊರು, ಕೆಳಗಿನ ಊರಿನ ತಕರಾರು ನಕ್ಷೆಯಿಂದ ಮುಗಿದಿಲ್ಲ. ಮಳೆ ಕಡಿಮೆಯಾದ ವರ್ಷ ಮೇಲಿನವರು ಕೋಡಿಗೆ ಮರಳಿನ ಚೀಲ ಇಟ್ಟು ನೀರು ನಿಲ್ಲಿಸಿಕೊಳ್ಳುತ್ತಾರೆ. ಕೆಳಗಿನವರಿಗೆ ಸಿಟ್ಟು. ಒಂದು ಸಭೆಯಲ್ಲಿ ಎರಡೂ ಊರಿನವರು ಒಂದೇ ಪರದೆ ಮುಂದೆ ಕೂತು ನೋಡಿದಾಗ, ಕೆಳಗಿನ ಕೆರೆಗೆ ಇನ್ನೊಂದು ಹಳ್ಳದಿಂದಲೂ ನೀರು ಬರಬೇಕಿತ್ತು, ಅದು ತಮ್ಮದೇ ಊರಿನ ಬಳಿ ಕಟ್ಟಿಕೊಂಡಿದೆ ಅಂತ ಕೆಳಗಿನವರಿಗೆ ಕಂಡಿತು. ಚೀಲದ ವಿಷಯ ಹಾಗೇ ಉಳಿಯಿತು. ಆದರೆ ಆ ಹಳ್ಳದ ಕೆಲಸಕ್ಕೆ ಎರಡೂ ಊರಿನವರು ಒಪ್ಪಿದರು.

ಈಗ ವೆಬ್‌ಸೈಟಿನ ನಿತ್ಯದ ಕೆಲಸವನ್ನು ನಿಧಾನಕ್ಕೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ದಾಟಿಸುತ್ತಿದ್ದೇವೆ. ಅಲ್ಲಿ ಕಂಪ್ಯೂಟರ್ ಇದೆ, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ಎಲ್ಲ ಮಾಹಿತಿಯನ್ನೂ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದನ್ನು ಮಕ್ಕಳೇ ಕಲಿತಿದ್ದಾರೆ. ನೀವು ಶುರು ಮಾಡುವುದಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಲುವೆ ನಡೆದು ಮುಗಿಸಿ. ಮಳೆ ಬಿದ್ದು ಗಿಡಗಂಟಿ ಬೆಳೆದ ಮೇಲೆ ಕೋಡಿ, ತೂಬು ಹುಡುಕುವುದೇ ಕಷ್ಟ.

ಇನ್ನು ನಮ್ಮ ಮುಂದಿರುವುದು ತೆರೆದ ಬಾವಿಗಳು. ಅಂತರ್ಜಲ ಇಷ್ಟು ಕುಸಿದ ತಾಲ್ಲೂಕಿನಲ್ಲಿ ನೀರಿರುವ ಬಾವಿ ಉಳಿದಿರುವುದೇ ಅಪರೂಪ. ಇದ್ದವುಗಳ ಮಟ್ಟವನ್ನು ಪ್ರತಿ ತಿಂಗಳು ಅಳೆದು, ಕೆರೆಯ ನೀರಿನ ಪಕ್ಕದಲ್ಲೇ ತೋರಿಸಬೇಕು ಅಂತಿದೆ. ಅದಕ್ಕೆ ಬೇಕಿರುವುದು ಒಂದು ಟೇಪು, ತುದಿಗೆ ಕಟ್ಟಲು ಒಂದು ತೂಕ, ತಪ್ಪದೆ ಹೋಗಿ ಅಳೆಯುವ ಒಬ್ಬರು. ಆ ಒಬ್ಬರು ಸಿಕ್ಕ ಊರುಗಳಿಂದಲೇ ಶುರು ಮಾಡುತ್ತಿದ್ದೇವೆ.