ಬ್ರಾಕೆಟ್ ಹಾಕುವ ಮುನ್ನ ಹೆಬ್ಬೆರಳು ಇಟ್ಟು ನೋಡಿ

ನಮ್ಮದು ಬಳ್ಳಾರಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನದ ಸೀಜನ್ನಿನಲ್ಲಿ ಸಿರುಗುಪ್ಪ ಕಡೆಯ ಯಜಮಾನರೊಬ್ಬರು ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದಿದ್ದರು. ಜಾಗ ಸಾಲದೆ ನಾನು ಕಲ್ಯಾಣ ಮಂಟಪದ ಹೆಸರಿನ ಪಕ್ಕ ‘(ಮುಹೂರ್ತ ಬೆಳಿಗ್ಗೆ 10.40)’ ಎಂದು ತುರುಕಿದ್ದೆ. ಯಜಮಾನರು ಅಷ್ಟನ್ನು ಹೆಬ್ಬೆರಳಿಂದ ಮುಚ್ಚಿ, ‘ಬ್ರಾಕೆಟ್‌ನಾಗ ಇದ್ದದ್ದು ಮಂದಿ ಬಿಟ್ಟು ಓದತಾರ ತಮ್ಮಾ. ಅಕ್ಕಿಕಾಳಿಗೆ ಯಾರೂ ಇರಂಗಿಲ್ಲ, ಊಟಕ್ಕ ಬರ್ತಾರ’ ಅಂದರು. ಮುಹೂರ್ತ ಹೊರಗೆ ಬಂತು, ಮಂಟಪದ ‘(ಹಳೇ ಬಸ್ ನಿಲ್ದಾಣದ ಹಿಂದೆ)’ ಒಳಗೆ ಹೋಯಿತು.

ಬರವಣಿಗೆಯಲ್ಲಿ ಮೊದಲ ಹೆಜ್ಜೆ ಇದೇ. ದುಂಡು ಆವರಣದೊಳಗಿನದನ್ನು ಬೆರಳಿಂದ ಮುಚ್ಚಿ ಓದಿ. ವಾಕ್ಯ ಕುಂಟದೆ ನಡೆಯಬೇಕು, ಮುಖ್ಯ ಸಂಗತಿ ಕಳೆದುಹೋಗಬಾರದು. ಎರಡರಲ್ಲಿ ಒಂದು ತಪ್ಪಿದರೂ ಆವರಣ ತೆಗೆದುಹಾಕಿ.

ಕನ್ನಡದಲ್ಲಿ ವಾಕ್ಯ ಕುಂಟುವುದು ಹೆಚ್ಚಾಗಿ ವಿಭಕ್ತಿ ಪ್ರತ್ಯಯದಿಂದ. ‘ಸಂಡೂರು (ಬಳ್ಳಾರಿ ಜಿಲ್ಲೆ)ಯಲ್ಲಿ’ ಎಂದು ಬರೆದವರು ಬೆರಳಿಟ್ಟು ನೋಡಲಿ: ಉಳಿಯುವುದು ‘ಸಂಡೂರು ಯಲ್ಲಿ’. ಪ್ರತ್ಯಯ ಸೇರಬೇಕಾದ್ದು ಊರಿಗೆ, ಆವರಣಕ್ಕಲ್ಲ. ‘ಸಂಡೂರಿನಲ್ಲಿ (ಬಳ್ಳಾರಿ ಜಿಲ್ಲೆ)’ ಎಂದರೆ ಮುಗಿಯಿತು. ಅರ್ಜಿ ನಮೂನೆಗಳಲ್ಲಿ ಬರುವ ‘ಅರ್ಜಿದಾರ(ರು)’ ಈ ಪರೀಕ್ಷೆಯಲ್ಲಿ ಪಾಸು, ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ. ‘ವಿದ್ಯಾರ್ಥಿ(ನಿ)ಯರು’ ಮಾತ್ರ ಫೇಲು. ‘ನಿ’ ತೆಗೆದರೆ ‘ವಿದ್ಯಾರ್ಥಿಯರು’ ಎಂಬ ಇಲ್ಲದ ಪದ ಹುಟ್ಟುತ್ತದೆ. ‘ವಿದ್ಯಾರ್ಥಿ, ವಿದ್ಯಾರ್ಥಿನಿಯರು’ ಎಂದು ಬಿಡಿಸಿ ಬರೆಯಲು ಎಷ್ಟು ಶಾಯಿ ಹೆಚ್ಚು ಬೇಕು?

ಪೂರ್ಣವಿರಾಮದ ಗೊಂದಲ ಸಣ್ಣದು. ಆವರಣದಲ್ಲಿರುವುದು ವಾಕ್ಯದ ತುಂಡಾದರೆ ಚುಕ್ಕಿ ಹೊರಗೆ (ಹೀಗೆ). (ಇಡೀ ವಾಕ್ಯವೇ ಒಳಗಿದ್ದರೆ ಚುಕ್ಕಿಯೂ ಒಳಗೇ.)

ಇನ್ನೊಂದು ಮಾತು: ಆವರಣದೊಳಗಿನ ಮಾಹಿತಿಯೇ ಮೊದಲು ಹಳತಾಗುತ್ತದೆ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ಹಳೇ ಫೈಲಿನಿಂದ ಕಾಪಿ ಹೊಡೆದ ಪತ್ರಗಳಲ್ಲಿ ಅದರ ಪಕ್ಕ ಇನ್ನೂ ‘(ಬಳ್ಳಾರಿ ಜಿಲ್ಲೆ)’ ಕೂತಿರುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳದ ಊರುಗಳದ್ದೂ ಇದೇ ಕತೆ.

ಅಂಕಿ ಮತ್ತು ಕಾನೂನಿಗೆ ಬಂದರೆ ಬೆರಳಿನ ನಿಯಮ ತಿರುವುಮುರುವು. ಅಲ್ಲಿ ಆವರಣ ತೆಗೆದರೆ ಅರ್ಥವೇ ಕೆಡುತ್ತದೆ.

ಭತ್ತದ ಲೆಕ್ಕ ತೆಗೆದುಕೊಳ್ಳಿ. 75 ಕಿಲೋದ 40 ಚೀಲ, ಚೀಲಕ್ಕೆ 1 ಕಿಲೋ ಕಡಿತ ಎಂದಿಟ್ಟುಕೊಳ್ಳೋಣ. ಕಂಪ್ಯೂಟರಿನಲ್ಲಿ 40×(75−1) ಎಂದು ಹೊಡೆದರೆ 2,960 ಕಿಲೋ. ಆವರಣ ಮರೆತು 40×75−1 ಎಂದರೆ 2,999. ಗುಣಾಕಾರ ಮೊದಲು, ವ್ಯವಕಲನ ಆಮೇಲೆ ಎಂಬ ನಿಯಮಕ್ಕೆ ಅಂಟಿಕೊಂಡ ಯಂತ್ರ 40 ಚೀಲಕ್ಕೂ ಸೇರಿ ಒಂದೇ ಕಿಲೋ ಕಳೆದಿದೆ. ಇಲ್ಲಿ ಆವರಣ ಹೇಳುವುದು ‘ಮೊದಲು ನನ್ನ ಕೆಲಸ ಮುಗಿಸು’ ಎಂದು. ಒಳಗೊಂದು ಇನ್ನೊಂದು ಆವರಣ ಇದ್ದರೆ ತೀರಾ ಒಳಗಿನದಕ್ಕೆ ಮೊದಲ ಪಾಳಿ. ತೆರೆದವೆಷ್ಟು, ಮುಚ್ಚಿದವೆಷ್ಟು ಎಣಿಸಿ, ಸಂಖ್ಯೆ ತಾಳೆಯಾಗಲೇಬೇಕು.

ಲೆಕ್ಕಪತ್ರದಲ್ಲಿ ಅದೇ ಚಿಹ್ನೆಗೆ ಬೇರೆಯೇ ಅರ್ಥ: (1,250) ಎಂದರೆ ಮೈನಸ್ 1,250. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಸಂಘವೊಂದರ ವಾರ್ಷಿಕ ವರದಿ ಟೈಪ್ ಮಾಡುವಾಗ, ಒಂದೇ ಅಂಕಿಗೆ ಯಾಕೆ ಬ್ರಾಕೆಟ್ ಎಂದು ಅಂದ ಮಾಡಲು ಹೋಗಿ ಕಿತ್ತುಹಾಕಿದೆ. ಆ ವರ್ಷದ ನಷ್ಟ ಲಾಭವಾಗಿ ಅಚ್ಚಾಯಿತು. ಮರುಮುದ್ರಣದ ಖರ್ಚು ನನ್ನ ತಲೆಗೇ.

ಕಾನೂನಿನಲ್ಲಿ ಆವರಣವೆಂದರೆ ಮನೆ ನಂಬರ್ ಇದ್ದ ಹಾಗೆ. ನಮ್ಮ ಭಾಗದ ಪ್ರತಿ ನೌಕರಿ ಅರ್ಜಿಯಲ್ಲೂ, ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗಾಗಿ, ‘371(ಜೆ)’ ಎಂದು ಬರೆಸುತ್ತಾರೆ. ಸಂವಿಧಾನದಲ್ಲಿರುವುದು 371ಜೆ, ಆವರಣವಿಲ್ಲದೆ. 98ನೇ ತಿದ್ದುಪಡಿಯಿಂದ ಸೇರಿದ, ತನ್ನ ಕಾಲ ಮೇಲೆ ತಾನು ನಿಂತ ವಿಧಿ ಅದು. ಹೊಸ ವಿಧಿ ಸೇರಿಸುವಾಗ ಮುಂದಿನ ಅಂಕಿಗಳೆಲ್ಲ ಕದಲದಿರಲಿ ಎಂದು ಅಕ್ಷರ ಹಚ್ಚುತ್ತಾರೆ. ಆವರಣ ಹಾಕಿದರೆ 371ನೇ ವಿಧಿಯ ಒಳಗಿನ ಖಂಡ ಎಂದಾಗುತ್ತದೆ. 371(2)ಕ್ಕೆ ಹೋದವರಿಗೆ ಸಿಗುವುದು ಮಹಾರಾಷ್ಟ್ರ, ಗುಜರಾತಿನ ವಿಷಯ. ನಮ್ಮ ಮಕ್ಕಳ ಸೀಟು ಮೀಸಲಾತಿ ಇರುವುದು 371ಜೆ(2)(ಎ)ಯಲ್ಲಿ: ವಿಧಿ, ಅದರ ಖಂಡ, ಅದರ ಉಪಖಂಡ. ಅಂಗಡಿಯಲ್ಲಿ ನಾನೂ ಗಿರಾಕಿ ಹೇಳಿದಂತೆ 371(ಜೆ) ಎಂದೇ ಹೊಡೆಯುತ್ತೇನೆ. ಛಾಪಿಸಿದ ನಮೂನೆಯಲ್ಲೇ ಹಾಗಿರುವಾಗ ಕೌಂಟರಿನಲ್ಲಿ ಯಾರ ಜೊತೆ ವಾದ ಮಾಡುವುದು?

ಲೋಕಸಭಾ ಕ್ಷೇತ್ರಗಳ ಪಟ್ಟಿಯಲ್ಲೂ ಬೆರಳು ಇಡುವಂತಿಲ್ಲ. ಬಳ್ಳಾರಿ (ಎಸ್‌ಟಿ), ರಾಯಚೂರು (ಎಸ್‌ಟಿ), ಬರೀ ಕೊಪ್ಪಳ. ಯಾರು ಸ್ಪರ್ಧಿಸಬಹುದು ಎಂಬುದು ಆ ಎರಡು ಗೆರೆಗಳ ನಡುವೆ ಇದೆ.

ಕೊನೆಗೆ ಚೌಕ ಆವರಣ. ಇನ್ನೊಬ್ಬರ ಮಾತಿನೊಳಗೆ ನೀವು ಬಾಯಿ ಹಾಕುವಾಗ ಇದು ಬೇಕು. ‘ಅವರು [ತಹಶೀಲ್ದಾರ್] ಮೊನ್ನೆ ಬಂದಿದ್ದರು’ ಎಂದರೆ ‘ತಹಶೀಲ್ದಾರ್’ ಬರೆದವರು ಸೇರಿಸಿದ್ದು ಎಂದು ಗೊತ್ತಾಗುತ್ತದೆ. ದುಂಡು ಆವರಣ ಹಾಕಿದರೆ ಮಾತಾಡಿದವರೇ ಹಾಗೆಂದರೋ ಏನೋ ಎಂಬ ಅನುಮಾನ ಉಳಿಯುತ್ತದೆ. ಶಾಸನ ಓದುವವರು ಇದರಲ್ಲಿ ಬಲು ಕಟ್ಟುನಿಟ್ಟು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ, ಆದರೆ ಕಲ್ಲು ಅಲ್ಲಲ್ಲಿ ಸವೆದಿದೆ. ಇಂಥ ಶಾಸನದ ಪಾಠ ಅಚ್ಚು ಮಾಡುವಾಗ ಸವೆದ, ಊಹಿಸಿ ಓದಿದ ಅಕ್ಷರಗಳನ್ನು ಚೌಕದೊಳಗೆ ಇಡುತ್ತಾರೆ, ಕಲ್ಲಿನ ಮೇಲೆ ಸ್ಪಷ್ಟವಾಗಿ ಕಂಡದ್ದು ಯಾವುದು, ಓದಿದವರು ತುಂಬಿದ್ದು ಯಾವುದು ಎಂದು ಬೇರೆ ಕಾಣಲಿ ಎಂದು.