ಮೂರು ಕಾಲಂ ಬಂಧನ, ಒಂದು ಕಾಲಂ ಬಿಡುಗಡೆ

2011ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ನಾನು ಕಳುಹಿಸಿದ ಸುದ್ದಿಯೊಂದು ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಅಗಲಕ್ಕೆ, ಭಾವಚಿತ್ರದ ಸಮೇತ ಪ್ರಕಟವಾಯಿತು. ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯ ಮೇಲೆ ಹಣ ದುರುಪಯೋಗದ ದೂರು ದಾಖಲಾಗಿ, ಪೊಲೀಸರು ಅವರನ್ನು ಬಂಧಿಸಿದ್ದರು. ಎಫ್‌ಐಆರ್‌ನ ಪ್ರತಿ ನನ್ನ ಕೈಯಲ್ಲಿತ್ತು, ದೂರು ಕೊಟ್ಟವರ ಮಾತನ್ನು ಬರೆದುಕೊಂಡಿದ್ದೆ, ಸಂಜೆ ಆರೂವರೆಯೊಳಗೆ ಸುದ್ದಿ ಡೆಸ್ಕ್ ತಲುಪಬೇಕಿತ್ತು. ನಾನು ಕೊಟ್ಟ ತಲೆಬರಹದಲ್ಲಿ ‘ಹಾಲಿನ ಹಣ ನುಂಗಿದ’ ಎಂಬ ಮಾತಿತ್ತು. ಅವರು ಹಣ ನುಂಗಿದ್ದಾರೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ಆ ಒಂದು ಪದದಿಂದ ನಾನೇ ತೀರ್ಪು ಬರೆದುಬಿಟ್ಟಿದ್ದೆ. ಅವರ ಮನೆಯವರನ್ನಾಗಲಿ, ವಕೀಲರನ್ನಾಗಲಿ, ಸಂಘದ ಇತರ ನಿರ್ದೇಶಕರನ್ನಾಗಲಿ ನಾನು ಮಾತನಾಡಿಸಿರಲಿಲ್ಲ.

2013ರ ಜನವರಿಯಲ್ಲಿ ಒಂದು ಬೆಳಿಗ್ಗೆ ಅವರು ಕಚೇರಿಗೆ ಬಂದರು. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕವರ್ ಇತ್ತು. ಅದರ ಒಂದು ಬದಿಯಲ್ಲಿ ನನ್ನ ಸುದ್ದಿಯ ತುಣುಕು, ಮಡಿಕೆ ಬಿದ್ದ ಕಡೆ ಹರಿದು, ಹಿಂದಿನಿಂದ ಅಂಟು ಹಚ್ಚಿ ಜೋಡಿಸಿದ್ದು. ಇನ್ನೊಂದು ಬದಿಯಲ್ಲಿ ಪ್ರಕರಣ ಮುಂದುವರಿಸಲು ಆಧಾರವಿಲ್ಲವೆಂದು ಪೊಲೀಸರು ಸಲ್ಲಿಸಿದ ಅಂತಿಮ ವರದಿಯನ್ನು, ಅಂದರೆ ಬಿ ರಿಪೋರ್ಟನ್ನು, ನ್ಯಾಯಾಲಯ ಅಂಗೀಕರಿಸಿದ ಆದೇಶದ ದೃಢೀಕೃತ ಪ್ರತಿ. ಲೆಕ್ಕದಲ್ಲಿ ಕಂಡ ವ್ಯತ್ಯಾಸ ಅವರು ಅಧಿಕಾರಕ್ಕೆ ಬರುವ ಮೊದಲಿನದು ಎಂಬುದು ತನಿಖೆಯಲ್ಲಿ ಹೊರಬಿದ್ದಿತ್ತು. ಅವರು ಜಗಳವಾಡಲಿಲ್ಲ. ಕವರನ್ನು ಮೇಜಿನ ಮೇಲಿಟ್ಟು, ‘ಅದನ್ನ ಬರೆದೋರು ನೀವೇ ಅಲ್ವಾ ಸಾರ್, ಇದನ್ನೂ ನೀವೇ ಬರೀಬೇಕು’ ಎಂದಷ್ಟೇ ಹೇಳಿದರು.

ನಾನು ಅಂದೇ ಬರೆದು ಕಳುಹಿಸಿದೆ. ಹಳೆಯ ಪ್ರಕರಣ, ಈಗ ಯಾರಿಗೆ ಬೇಕು ಎಂಬ ಪ್ರಶ್ನೆ ಡೆಸ್ಕಿನಿಂದ ಬಂತು. ಹನ್ನೊಂದು ದಿನ ಕಾಯಿಸಿ, ಒಳಪುಟದ ಕೆಳಗಿನ ಮೂಲೆಯಲ್ಲಿ, ಮದುವೆ ಮಂಟಪದ ಜಾಹೀರಾತಿನ ಪಕ್ಕಕ್ಕೆ ಒಂದು ಕಾಲಮ್ಮಿನ ಎಂಟು ಸಾಲು ಹಾಕಿದರು. ಮರುದಿನ ಅವರು ಫೋನ್ ಮಾಡಿ, ‘ಅದು ಮೂರು ಕಾಲಂ ಇತ್ತು ಸಾರ್, ಫೋಟೊನೂ ಇತ್ತು’ ಎಂದರು. ಆ ಮಾತಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಪತ್ರಿಕೆಗಳನ್ನು ಜನ ನಂಬುವುದಿಲ್ಲವೆಂದು ನಾವು ಸಭೆಗಳಲ್ಲಿ ಕೊರಗುತ್ತೇವೆ. ಆದರೆ ನಂಬಿಕೆ ಕಳೆದುಹೋಗುವ ಜಾಗವನ್ನು ನಾನು ಅಂದು ಕಣ್ಣಾರೆ ಕಂಡೆ. ಅದು ಮೂರು ಕಾಲಮ್ಮಿಗೂ ಒಂದು ಕಾಲಮ್ಮಿಗೂ ನಡುವಿನ ಅಂತರದಲ್ಲಿತ್ತು.

ಆ ವಾರವೇ ಅಂಗಡಿಯಿಂದ ಗಟ್ಟಿ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು ಗೆರೆ ಹಾಕಿದೆ. ಸುದ್ದಿ ಪ್ರಕಟವಾದ ದಿನ, ಪುಟ, ಎಷ್ಟು ಕಾಲಂ, ಫೋಟೊ ಇತ್ತೇ ಇಲ್ಲವೇ, ಠಾಣೆ, ಅಪರಾಧ ಸಂಖ್ಯೆ, ಹಾಕಿದ ಕಲಂಗಳು, ನ್ಯಾಯಾಲಯ, ಸಿ.ಸಿ. ನಂಬರ್ (ನ್ಯಾಯಾಲಯದಲ್ಲಿ ಪ್ರಕರಣಕ್ಕೆ ಕೊಡುವ ಸಂಖ್ಯೆ), ಮುಂದಿನ ವಾಯಿದೆ, ಕೊನೆಗೆ ಏನಾಯಿತು, ಆದದ್ದನ್ನು ನಾವು ಯಾವತ್ತು ಬರೆದೆವು. ಹೆಸರು ಹಾಕಿ ಬರೆದ ಪ್ರತಿಯೊಂದು ಬಂಧನದ ಸುದ್ದಿಯೂ ಈ ಪುಸ್ತಕದಲ್ಲಿ ಒಂದು ಸಾಲಾಗಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಮೊದಲ ಬಾರಿ ವಿಚಾರಿಸುವುದು ಬಂಧನವಾದ ನೂರನೆಯ ದಿನಕ್ಕೆ. ಆರೋಪಿ ಬಂಧನದಲ್ಲಿದ್ದಾಗ, ಅಪರಾಧದ ಸ್ವರೂಪಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಪಡೆಯುವ ಹಕ್ಕು ಅವರಿಗೆ ಬರುತ್ತದೆ. ಹಾಗಾಗಿ ಆ ಹೊತ್ತಿಗೆ ತನಿಖೆ ಯಾವ ದಿಕ್ಕಿಗೆ ಹೋಗಿದೆಯೆಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ. ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ. ಮೊದಮೊದಲು ನ್ಯಾಯಾಲಯದ ಶಾಖೆಗೆ ಹೋಗಿ, ಗುಮಾಸ್ತರ ಬಿಡುವು ನೋಡಿಕೊಂಡು ಕೇಳಬೇಕಿತ್ತು. ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ವಾಯಿದೆಯೂ ಆದೇಶವೂ ಸಿಗುವುದರಿಂದ ಒಂದು ಮಧ್ಯಾಹ್ನದಲ್ಲಿ ಎರಡು ಪುಟಗಳಷ್ಟು ಸಾಲುಗಳನ್ನು ನೋಡಿ ಮುಗಿಸಬಹುದು.

ಬಂಧನದ ಸುದ್ದಿ ಎಲ್ಲಿ, ಎಷ್ಟು ಅಗಲಕ್ಕೆ ಬಂದಿತ್ತೋ, ಬಿಡುಗಡೆಯ ಸುದ್ದಿಯೂ ಅಲ್ಲೇ ಅಷ್ಟೇ ಅಗಲಕ್ಕೆ ಬರಬೇಕೆಂಬುದನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಡೆಸ್ಕಿನವರ ತೊಂದರೆಯೂ ನಿಜವಾದದ್ದೇ. ಪುಟದ ಅರ್ಧ ಜಾಹೀರಾತಿಗೆ ಹೋದ ದಿನ ಎರಡು ವರ್ಷದ ಹಿಂದಿನ ಪ್ರಕರಣಕ್ಕೆ ಮೂರು ಕಾಲಂ ಕೊಡಿ ಎಂದರೆ, ಅವರು ಅಂದಿನ ಯಾವುದೋ ಸುದ್ದಿಯನ್ನು ಕೈಬಿಡಬೇಕಾಗುತ್ತದೆ. ನಾನು ವಾದ ಮಾಡುವುದನ್ನು ಬಿಟ್ಟು, ಹಳೆಯ ಸುದ್ದಿಯ ತುಣುಕನ್ನೂ ನ್ಯಾಯಾಲಯದ ಆದೇಶವನ್ನೂ ಒಟ್ಟಿಗೆ ಲಗತ್ತಿಸಿ ಕಳುಹಿಸತೊಡಗಿದೆ. ಎರಡೂ ಒಂದೇ ನೋಟಕ್ಕೆ ಕಂಡಾಗ ಸಂಪಾದಕರಿಗೆ ಹೇಳಬೇಕಾದದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಜಾಲತಾಣದ ಪ್ರತಿಯ ವಿಷಯದಲ್ಲಿ ಇನ್ನೊಂದು ಕ್ರಮ ಮಾಡಿಕೊಂಡೆವು: ಹಳೆಯ ಸುದ್ದಿಯನ್ನು ಸದ್ದಿಲ್ಲದೆ ಅಳಿಸದೆ, ಅದರ ನೆತ್ತಿಯ ಮೇಲೆ, ಮೊದಲ ಸಾಲಿಗಿಂತ ಮೊದಲು, ಪ್ರಕರಣ ಏನಾಯಿತೆಂಬುದನ್ನು ದಿನಾಂಕದೊಂದಿಗೆ ಬರೆಯುವುದು. ಹೆಸರು ಹಾಕಿ ಹುಡುಕಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ ಆಗಬೇಕು.

ಪುಸ್ತಕ ಇಡಲು ಆರಂಭಿಸಿದ ಮೇಲೆ ನನ್ನ ಬರವಣಿಗೆಯೇ ಬದಲಾಯಿತು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮುಂದೊಂದು ದಿನ ಈ ಸಾಲಿನ ಎದುರು ‘ಖುಲಾಸೆ’ ಎಂದು ಬರೆಯಬೇಕಾದೀತು ಎಂಬ ಅರಿವಿನಿಂದ ಬರೆಯುವವನ ಕೈಗೆ ‘ನುಂಗಿದ’, ‘ಸಿಕ್ಕಿಬಿದ್ದ’, ‘ಖದೀಮ’ ಎಂಬ ಪದಗಳು ಬರುವುದಿಲ್ಲ. ‘ಆರೋಪಿ’ ಎಂಬ ಪದ ಹಾಕಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ತಲೆಬರಹದಲ್ಲಿ ತೀರ್ಪು ಕೊಟ್ಟು, ಒಳಗಿನ ಐದನೆಯ ಸಾಲಿನಲ್ಲಿ ‘ಎನ್ನಲಾಗಿದೆ’ ಎಂದರೆ ಓದುಗರಿಗೆ ನೆನಪುಳಿಯುವುದು ತಲೆಬರಹವೇ. ‘ಎನ್ನಲಾಗಿದೆ’ ಎಂಬ ಕ್ರಿಯಾಪದವನ್ನೇ ನಾನು ನನ್ನ ಪ್ರತಿಗಳಿಂದ ತೆಗೆದುಹಾಕಿದ್ದೇನೆ. ಯಾರು ಹೇಳಿದರೋ ಅವರ ಹೆಸರನ್ನೋ ಹುದ್ದೆಯನ್ನೋ ಹಾಕಿ ‘ಹೇಳಿದರು’ ಎಂದೇ ಬರೆಯುತ್ತೇನೆ, ಹಾಗೆ ಹಾಕಲು ಯಾರೂ ಇಲ್ಲದಿದ್ದರೆ ಆ ವಾಕ್ಯವನ್ನು ಬಿಡುತ್ತೇನೆ.

‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂಬ ಸಾಲಿನ ಬಗ್ಗೆಯೂ ಹೇಳಲೇಬೇಕು. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಒಂದು ಕರೆ ಮಾಡಿ, ಎರಡು ರಿಂಗಿಗೆ ಕತ್ತರಿಸಿ ಈ ಸಾಲು ಬರೆಯುವುದನ್ನು ನಾನೂ ಮಾಡಿದ್ದೇನೆ. ಇದು ಓದುಗರಿಗೆ ಹೇಳುವ ಸುಳ್ಳು. ಈಗ ಆರೋಪದ ಸುದ್ದಿ ಕೈಗೆ ಬಂದ ಕೂಡಲೇ, ಅಂದರೆ ಬೆಳಿಗ್ಗೆಯೇ, ಮೊದಲು ಮಾಡುವ ಕರೆ ಆರೋಪಕ್ಕೆ ಗುರಿಯಾದವರಿಗೆ. ಸಿಗದಿದ್ದರೆ ಮಧ್ಯಾಹ್ನ ಇನ್ನೊಮ್ಮೆ, ಜೊತೆಗೆ ಏನು ಬರೆಯಲಿದ್ದೇವೆಂಬುದನ್ನು ಸ್ಪಷ್ಟವಾಗಿ ತಿಳಿಸುವ ಸಂದೇಶ. ಅವರು ಬಂಧನದಲ್ಲಿದ್ದರೆ ವಕೀಲರು, ವಕೀಲರಿಲ್ಲದಿದ್ದರೆ ಮನೆಯ ಹಿರಿಯರು. ಆಗಲೂ ಮಾತು ಸಿಗದಿದ್ದರೆ ಎಷ್ಟು ಗಂಟೆಗೆ, ಎಷ್ಟು ಬಾರಿ ಪ್ರಯತ್ನಿಸಿದೆವೆಂದು ಸುದ್ದಿಯಲ್ಲೇ ಬರೆಯುತ್ತೇವೆ. ಪ್ರಕಟಣೆಗೆ ಅರ್ಹವಾದ ಎಷ್ಟೋ ಸುದ್ದಿಗಳು ಈ ಕರೆಯಿಂದ ಇನ್ನಷ್ಟು ಗಟ್ಟಿಯಾಗಿವೆ. ಕೆಲವು ಕರಗಿಯೇ ಹೋಗಿವೆ, ಮತ್ತು ಅವು ಕರಗಿದ್ದೇ ಒಳ್ಳೆಯದಾಯಿತು.

ಹೆಸರು ಹಾಕಬಾರದ ಪ್ರಕರಣಗಳಲ್ಲಿ ಕಷ್ಟ ಬೇರೆ ರೀತಿಯದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ದಂಡ ಸಂಹಿತೆಯ 228ಎ ಕಲಮಿನಡಿ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೆಯ ಕಲಂ ಮನೆ, ಶಾಲೆ, ಕುಟುಂಬ, ನೆರೆಹೊರೆಯ ವಿವರಗಳನ್ನೂ ನಿಷೇಧಿಸುತ್ತದೆ. ನಮ್ಮವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ. ಒಮ್ಮೆ ಎಳೆಯ ವರದಿಗಾರರೊಬ್ಬರ ಪ್ರತಿ ನನ್ನ ಬಳಿ ಬಂತು. ಹೆಸರಿರಲಿಲ್ಲ. ಆದರೆ ಊರಿತ್ತು, ವಯಸ್ಸಿತ್ತು, ತಂದೆ ಬಸ್ ನಿಲ್ದಾಣದ ಬಳಿ ದರ್ಜಿ ಅಂಗಡಿ ಇಟ್ಟಿದ್ದಾರೆಂಬ ಮಾತಿತ್ತು. ಇನ್ನೂರು ಮನೆಗಳ ಆ ಊರಿನಲ್ಲಿ ದರ್ಜಿ ಅಂಗಡಿ ಇರುವುದೇ ಒಂದು. ಪಕ್ಕದಲ್ಲಿ ಕೂರಿಸಿಕೊಂಡು, ಆ ಊರಿನ ಒಬ್ಬ ಓದುಗನಾಗಿ ಇದನ್ನು ಓದಿ ನೋಡಪ್ಪ ಎಂದೆ. ಅವರು ಓದಿ, ಏನೂ ಹೇಳದೆ ತಾವೇ ಮೂರು ವಾಕ್ಯ ಹೊಡೆದುಹಾಕಿದರು. ಆರೋಪಿ ಮನೆಯವನೇ ಆಗಿದ್ದರೆ ಆರೋಪಿಯ ಹೆಸರು ಹಾಕಿದರೂ ಮಗುವಿನ ಹೆಸರು ಹಾಕಿದಂತೆಯೇ. ಅಂಥ ಕಡೆ ಇಬ್ಬರ ಹೆಸರನ್ನೂ, ಸಂಬಂಧವನ್ನೂ ಬಿಡುತ್ತೇವೆ. ದೂರದಿಂದಲಾದರೂ ಗುರುತು ಹತ್ತುವಂಥ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ, ಸಂತ್ರಸ್ತರು ತೀರಿಕೊಂಡಿದ್ದರೂ ಇದು ಅನ್ವಯಿಸುತ್ತದೆ.

ಅದೇ 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ರಾಜ್ಯವೆಲ್ಲ ಹರಡಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ನಿರಪರಾಧಿಗಳನ್ನು ಗುಂಪು ಹೊಡೆದು ಕೊಂದಿತು. ನಮ್ಮ ತಾಲ್ಲೂಕಿನಲ್ಲೂ ಕಂಬಳಿ ಮಾರುವ ಮೂವರನ್ನು ಜನ ತಡೆದು ನಿಲ್ಲಿಸಿದ್ದರು. ಒಬ್ಬರು ತೆಗೆದ ಫೋಟೊ ನನ್ನ ಫೋನಿಗೂ ಬಂತು. ‘ಮಕ್ಕಳ ಕಳ್ಳರೆಂಬ ಶಂಕೆ’ ಎಂದು ತಲೆಬರಹ ಕೊಟ್ಟು ಆ ಫೋಟೊ ಹಾಕುವುದು ಸುಲಭವಿತ್ತು, ‘ಶಂಕೆ’ ಎಂಬ ಪದ ನಮ್ಮನ್ನು ಕಾನೂನಿನಿಂದ ಕಾಯುತ್ತಲೂ ಇತ್ತೇನೋ. ಠಾಣೆಗೆ ಹೋಗಿ ಅವರನ್ನೇ ಮಾತನಾಡಿಸಿ, ಯಾವ ಊರಿನವರು, ಎಷ್ಟು ವರ್ಷದಿಂದ ಈ ಕಡೆ ಬರುತ್ತಿದ್ದಾರೆ, ಯಾವ ಊರುಗಳಲ್ಲಿ ಕಂಬಳಿ ಸಾಲ ಕೊಟ್ಟಿದ್ದಾರೆ ಎಂಬುದನ್ನು ಬರೆದೆವು. ವದಂತಿಯ ಪದವನ್ನು ತಲೆಬರಹದಲ್ಲಿ ಬಳಸಲಿಲ್ಲ, ಏಕೆಂದರೆ ಸುಳ್ಳನ್ನು ಅಲ್ಲಗಳೆಯುವ ತಲೆಬರಹವೂ ಆ ಸುಳ್ಳನ್ನೇ ದೊಡ್ಡಕ್ಷರದಲ್ಲಿ ಮತ್ತೊಮ್ಮೆ ಅಚ್ಚು ಮಾಡುತ್ತದೆ.

ಹಣದ ವಿಷಯವನ್ನು ಬಿಟ್ಟು ವಿಶ್ವಾಸದ ಮಾತಾಡುವುದು ಸರಿಯಲ್ಲ. ತಾಲ್ಲೂಕು ಮಟ್ಟದ ಬಹುಪಾಲು ವರದಿಗಾರರಿಗೆ ಸಿಗುವ ಗೌರವಧನ ಪೆಟ್ರೋಲಿಗೂ ಸಾಲದು; ಪುರವಣಿ ಬಂದಾಗ ಜಾಹೀರಾತು ತರುವ ಹೊಣೆಯೂ ಅವರದೇ, ಕಮಿಷನ್ನೇ ಅವರ ಆದಾಯ. ಬೆಳಿಗ್ಗೆ ಜಾಹೀರಾತು ಕೇಳಲು ಹೋದ ಗುತ್ತಿಗೆದಾರರ ರಸ್ತೆ ಕಿತ್ತುಹೋದದ್ದನ್ನು ಮಧ್ಯಾಹ್ನ ಅದೇ ವರದಿಗಾರ ಬರೆಯಬೇಕೆಂದರೆ, ಅದು ಅವರ ಪ್ರಾಮಾಣಿಕತೆಯ ಪರೀಕ್ಷೆ ಎನ್ನುವುದು ಕ್ರೂರವಾಗುತ್ತದೆ. ದುಡ್ಡು ಕೊಟ್ಟು ಬರೆಸುವ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟಿತು, ಚುನಾವಣೆಯ ಹೊತ್ತಿಗೆ ಅದರ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಸಮಿತಿಯೂ ಇರುತ್ತದೆ. ಆದರೆ ಚುನಾವಣೆಯಿಲ್ಲದ ದಿನಗಳ ಈ ಸಂಕಟವನ್ನು ಯಾವ ಸಮಿತಿಯೂ ನೋಡುವುದಿಲ್ಲ. ಜಿಲ್ಲಾ ಬ್ಯೂರೊದ ಹೊಣೆ ಬಂದಾಗ ನಾನು ಜಾಹೀರಾತಿಗೆ ಬೇರೆ ವ್ಯಕ್ತಿಯನ್ನು ಕೊಡುವಂತೆ ಕೇಳಿಕೊಂಡೆ. ಹತ್ತು ತಾಲ್ಲೂಕುಗಳಲ್ಲಿ ನಾಲ್ಕಕ್ಕೆ ಕೊಟ್ಟರು. ಉಳಿದ ಆರರಲ್ಲಿ, ಜಾಹೀರಾತು ಕೊಟ್ಟವರ ಮೇಲಿನ ಸುದ್ದಿಯನ್ನು ಪಕ್ಕದ ತಾಲ್ಲೂಕಿನ ವರದಿಗಾರ ಬರೆಯುವ ಏರ್ಪಾಡು ಮಾಡಿಕೊಂಡಿದ್ದೇವೆ. ಇದು ತೇಪೆ, ಪರಿಹಾರವಲ್ಲ.

ನಮ್ಮ ವಿರುದ್ಧ ದೂರು ಕೊಡುವ ದಾರಿಯನ್ನೂ ಓದುಗರಿಗೆ ನಾವೇ ತಿಳಿಸಬೇಕೆಂದು ನನ್ನ ಒತ್ತಾಯ. ದಿನಪತ್ರಿಕೆಯಲ್ಲಿ ಬಂದ ಸುದ್ದಿಯ ಬಗ್ಗೆ ಮೊದಲು ಸಂಪಾದಕರಿಗೆ ಬರೆದು, ಸಮಾಧಾನವಾಗದಿದ್ದರೆ ಪ್ರಕಟವಾದ ಎರಡು ತಿಂಗಳೊಳಗೆ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸಬಹುದು, ಖಂಡಿಸಬಹುದು. ನನ್ನ ಬಳಿ ಕವರ್ ಹಿಡಿದು ಬಂದವರಿಗೆ ಈ ದಾರಿ ಗೊತ್ತೇ ಇರಲಿಲ್ಲ; ಗೊತ್ತಿದ್ದರೂ ಅವರ ಕೈಗೆ ಆದೇಶ ಬರುವ ಹೊತ್ತಿಗೆ ಆ ಎರಡು ತಿಂಗಳು ಎಂದೋ ಕಳೆದಿತ್ತು.

ಪುಸ್ತಕ ಈಗ ಮೂರನೆಯದು. ಎರಡನೆಯದರ ಕೊನೆಯ ಪುಟಗಳಲ್ಲಿ ಒಬ್ಬ ಶಾಲಾ ವಾಹನ ಚಾಲಕರ ಸಾಲಿದೆ. ಖುಲಾಸೆಯಾದದ್ದು ತಿಳಿದ ದಿನ ಸುದ್ದಿ ಸಿದ್ಧಪಡಿಸಿ, ನಮ್ಮ ಕಟ್ಟಳೆಯಂತೆ ನಾಲ್ಕು ಕಾಲಂ ಜಾಗ ಹಿಡಿದು, ಫೋಟೊ ಕೇಳಲು ಅವರಿಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಫೋಟೊ ಬೇಡ ಸಾರ್. ಈಗ ಬೇರೆ ಊರಲ್ಲಿದೀನಿ, ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ಪೇಪರಲ್ಲಿ ಹಾಕಲೇಬೇಡಿ, ಮೊಬೈಲಲ್ಲಿ ಬರುತ್ತಲ್ಲ, ಅದನ್ನ ಮಾತ್ರ ಸರಿಮಾಡಿ’ ಎಂದರು. ಅಳತೆಗೆ ಅಳತೆ ಕೊಟ್ಟರೆ ನ್ಯಾಯವಾಯಿತೆಂದು ನಾನು ಅಷ್ಟು ವರ್ಷ ನಂಬಿದ್ದೆ. ಆ ಅಳತೆಯನ್ನು ಪಡೆಯಬೇಕಾದವರನ್ನು ಕೇಳುವುದು ನನಗೆ ಹೊಳೆದಿರಲಿಲ್ಲ. ಅಂದು ಜಾಲತಾಣದ ಪ್ರತಿಯ ಮೇಲೆ ಎರಡು ಸಾಲು ಸೇರಿಸಿ, ಪುಟದಲ್ಲಿ ಹಿಡಿದಿದ್ದ ಜಾಗವನ್ನು ಬಿಟ್ಟುಕೊಟ್ಟೆ. ಮೂರನೆಯ ಪುಸ್ತಕಕ್ಕೆ ಗೆರೆ ಹಾಕುವಾಗ ಕೊನೆಯಲ್ಲಿ ಇನ್ನೊಂದು ಅಂಕಣ ಸೇರಿಸಿದ್ದೇನೆ: ‘ಅವರನ್ನು ಕೇಳಿದೆವೇ, ಏನೆಂದರು?’ ಈ ಸೋಮವಾರ ನೂರನೆಯ ದಿನಕ್ಕೆ ಬರುವ ಸಾಲುಗಳು ಎರಡಿವೆ. ಬೆಳಿಗ್ಗೆ ಮೊದಲು ಠಾಣೆಗೆ ಹೋಗಬೇಕು.